ಸಿಂಪ್ಯೂಟರ್ ಮತ್ತು ಸಣ್ಣ ಉದ್ದಿಮೆಯ ಬೆಲೆ ಲೆಕ್ಕ

ಯಂತ್ರಾಂಶ ತಯಾರಿಕೆಗೆ ಇಳಿಯಬಯಸುವ ಸಣ್ಣ ಉದ್ದಿಮೆದಾರರು ಅಭ್ಯಾಸ ಮಾಡಬೇಕಾದ ಪ್ರಕರಣವೊಂದು ನಮ್ಮ ಬೆಂಗಳೂರಿನಲ್ಲಿಯೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಹಾಗೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ತಂತ್ರಜ್ಞರು ಕೂಡಿ ರಚಿಸಿದ ಸಿಂಪ್ಯೂಟರ್ ಟ್ರಸ್ಟ್, 2001ರಲ್ಲಿ ಅಂಗೈಯಗಲದ ಗಣಕಯಂತ್ರವೊಂದನ್ನು ದೇಶದ ಮುಂದಿಟ್ಟಿತು. ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆ, ಸ್ಪರ್ಶ ಪರದೆ, ಹಲವರು ಒಂದೇ ಯಂತ್ರವನ್ನು ಹಂಚಿಕೊಳ್ಳಲು ಸ್ಮಾರ್ಟ್ ಕಾರ್ಡ್, ಭಾರತೀಯ ಭಾಷೆಗಳಲ್ಲಿ ಪಠ್ಯವನ್ನು ಓದಿ ಹೇಳುವ ಸೌಲಭ್ಯ ಇವು ಅದರ ವೈಶಿಷ್ಟ್ಯಗಳು. ಅಂದು ಹೇಳಲಾದ ಬೆಲೆ ಸುಮಾರು 9,000 ರೂಪಾಯಿ.

ಪೈಕೋಪೆಟಾ ಸಂಸ್ಥೆಯು ಭಾರತ್ ಎಲೆಕ್ಟ್ರಾನಿಕ್ಸ್ ಸಹಯೋಗದೊಂದಿಗೆ 2004ರ ಏಪ್ರಿಲ್‌ನಲ್ಲಿ 'ಅಮಿಡಾ' ಹೆಸರಿನ ಮಾದರಿಗಳನ್ನು ಮಾರಾಟಕ್ಕೆ ಬಿಟ್ಟಿತು. ಯಂತ್ರದ ಚಲನೆಯನ್ನೇ ಗುರುತಿಸಿ ಕೆಲಸ ಮಾಡುವ ಸಂವೇದಕ ಅದರಲ್ಲಿತ್ತು. ಜಗತ್ತಿನ ದೊಡ್ಡ ಕಂಪನಿಗಳ ಮೊಬೈಲ್‌ಗಳಲ್ಲಿ ಅದು ಸಾಮಾನ್ಯವಾದದ್ದು ವರ್ಷಗಳ ನಂತರ. ಬೆಲೆ ಮಾತ್ರ ಮಾದರಿಯನ್ನು ಅನುಸರಿಸಿ ಸುಮಾರು 10,000ದಿಂದ 20,000 ರೂಪಾಯಿವರೆಗೆ ಇತ್ತು. ಕರ್ನಾಟಕದ ಭೂದಾಖಲೆ ಕಾರ್ಯದಲ್ಲಿಯೂ ಸಿಂಪ್ಯೂಟರ್ ಬಳಕೆಯಾಯಿತು. ಆದರೆ 50,000 ಯಂತ್ರಗಳ ನಿರೀಕ್ಷೆಗೆ ಎದುರಾಗಿ 2005ರ ವೇಳೆಗೆ ಮಾರಾಟವಾದವು ಸುಮಾರು 4,000 ಮಾತ್ರ.

ಮೊಬೈಲ್ ಫೋನ್ ಅಗ್ಗವಾದದ್ದೇ ಇದಕ್ಕೆ ಕಾರಣವೆನ್ನುವುದು ವಾಡಿಕೆ. ಅದು ನಿಜವೇ. ಆದರೂ ಮೊದಲ ತೊಡಕು ಲೆಕ್ಕದ ಪುಸ್ತಕದಲ್ಲಿಯೇ ಇತ್ತೆಂಬುದು ಈ ಲೇಖಕನ ಅಭಿಪ್ರಾಯ. ಉದಾಹರಣೆಗೆ ಪ್ಲಾಸ್ಟಿಕ್ ಕವಚದ ಅಚ್ಚಿಗೆ 6 ಲಕ್ಷ ರೂಪಾಯಿ ತಗಲುತ್ತದೆಂದು ಇಟ್ಟುಕೊಳ್ಳೋಣ. 50,000 ಯಂತ್ರಗಳಿಗೆ ಹಂಚಿದರೆ ಒಂದಕ್ಕೆ 12 ರೂಪಾಯಿ. 4,000ಕ್ಕೆ ಹಂಚಿದರೆ 150 ರೂಪಾಯಿ. ವಿನ್ಯಾಸದ ವೆಚ್ಚ, ಪರೀಕ್ಷಾ ಉಪಕರಣ, ಪ್ರಮಾಣಪತ್ರದ ಶುಲ್ಕ ಎಲ್ಲಕ್ಕೂ ಇದೇ ಗಣಿತ. ಪರದೆ, ಚಿಪ್ಪುಗಳ ವ್ಯಾಪಾರಿಯೂ ಸಾವಿರಕ್ಕೊಂದು ದರ, ಲಕ್ಷಕ್ಕೊಂದು ದರ ಹೇಳುತ್ತಾನೆ. ಹೀಗಾಗಿ ಬೆಲೆ ಇಳಿಯದೆ ಬೇಡಿಕೆ ಬರುವುದಿಲ್ಲ, ಬೇಡಿಕೆ ಬರದೆ ಬೆಲೆ ಇಳಿಯುವುದಿಲ್ಲ. ದೊಡ್ಡ ಬಂಡವಾಳಗಾರನು ಮೊದಲ ವರ್ಷಗಳ ನಷ್ಟವನ್ನು ತಾನೇ ಹೊತ್ತು ಈ ಗಂಟನ್ನು ಬಿಡಿಸಬಲ್ಲ. ಸಣ್ಣವನಿಗೆ ಆ ಶಕ್ತಿಯಿಲ್ಲ. ಆದುದರಿಂದ ಅವನು ಸಾವಿರ ಯಂತ್ರಗಳ ದರದಲ್ಲಿಯೇ ಲಾಭ ಉಳಿಯುವ ವಸ್ತುವನ್ನು, ಅಂದರೆ ಬೆಲೆಗಿಂತ ಉಪಯೋಗವನ್ನು ನೋಡುವ ಗ್ರಾಹಕನನ್ನು, ಆರಿಸಿಕೊಳ್ಳಬೇಕಾಗುತ್ತದೆ. ಕಾರ್ಖಾನೆಯ ಅಳತೆ ಉಪಕರಣ, ಬಸ್ ನಿರ್ವಾಹಕರ ಟಿಕೆಟ್ ಯಂತ್ರ, ಹಾಲಿನ ಡೇರಿಯ ಕೊಬ್ಬು ಪರೀಕ್ಷಕ ಇಂಥವು.

ಬಿಡಿಭಾಗಗಳ ಆಯುಷ್ಯವೂ ಗಮನಾರ್ಹ. ಸಿಂಪ್ಯೂಟರ್ ಇಂಟೆಲ್‌ನ ಸ್ಟ್ರಾಂಗ್‌ಆರ್ಮ್ ಸಂಸ್ಕಾರಕವನ್ನು ಆಧರಿಸಿತ್ತು. ಇಂಟೆಲ್ ಆ ಸಾಲನ್ನು ಕೈಬಿಟ್ಟು ಎಕ್ಸ್‌ಸ್ಕೇಲ್‌ಗೆ ಹೊರಳಿತು. ಇಂಥ ಸಂದರ್ಭದಲ್ಲಿ ಫಲಕವನ್ನು ಮರುವಿನ್ಯಾಸಗೊಳಿಸಬೇಕು, ಇಲ್ಲವೇ ಕೊನೆಯ ಖರೀದಿಗೆಂದು ದುಡಿಯುವ ಬಂಡವಾಳವನ್ನು ಗೋದಾಮಿನಲ್ಲಿ ಹೂಡಬೇಕು. ತಂತ್ರಾಂಶದವರಿಗೆ ಈ ಕಷ್ಟ ಅರ್ಥವಾಗುವುದು ಕಡಿಮೆ. ಮಾರಾಟದ ನಂತರದ ದುರಸ್ತಿಗೆಂದು ಫಲಕಗಳನ್ನು ತೆಗೆದಿರಿಸುವುದೂ ಅದೇ ಬಂಡವಾಳದಿಂದಲೇ.

ಇನ್ನು ಹಣ ವಸೂಲಿ. ಬಿಡಿಭಾಗಕ್ಕೆ ಮುಂಗಡ ತೆತ್ತು, ಸಿದ್ಧವಸ್ತುವಿನ ಹಣಕ್ಕೆ ತಿಂಗಳುಗಟ್ಟಲೆ ಕಾಯುವುದು ನಮ್ಮಲ್ಲಿ ಮಾಮೂಲು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯು ಸೂಕ್ಷ್ಮ ಹಾಗೂ ಸಣ್ಣ ಉದ್ಯಮಗಳಿಗೆ ಇಲ್ಲಿ ರಕ್ಷಣೆ ಕೊಟ್ಟಿದೆ. ಲಿಖಿತ ಒಪ್ಪಂದವಿದ್ದರೂ ಸರಕು ಅಂಗೀಕಾರವಾದ 45 ದಿನಗಳೊಳಗೆ ಹಣ ಸಂದಾಯವಾಗಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸರಕು ತಲುಪಿದ 15 ದಿನಗಳೊಳಗೆ ಖರೀದಿದಾರನು ಲಿಖಿತ ಆಕ್ಷೇಪ ಸಲ್ಲಿಸದಿದ್ದಲ್ಲಿ ತಲುಪಿದ ದಿನವೇ ಅಂಗೀಕಾರದ ದಿನವೆಂದು ಕಾನೂನು ಭಾವಿಸುತ್ತದೆ. ಆದುದರಿಂದ ಸರಕು ತಲುಪಿದ ದಿನಾಂಕವುಳ್ಳ ಮೊಹರು ಹಾಕಿದ ರಸೀದಿಯನ್ನು ಅಂದೇ ಪಡೆದಿರಿಸಿಕೊಳ್ಳಬೇಕು. ಉದ್ಯಮ್ ನೋಂದಣಿಯನ್ನು ಒಪ್ಪಂದ ಮಾಡಿಕೊಳ್ಳುವ ಮುನ್ನವೇ ಮಾಡಿಸಿದ್ದರೆ ಮುಂದೆ ಆ ಕುರಿತು ವಾದಕ್ಕೆ ಎಡೆಯಿರುವುದಿಲ್ಲ.