ಒಂದು ಆಪ್ಷನ್ ಸೇರಿಸೋದು ಅಷ್ಟು ಸುಲಭಾನಾ?

ಸಿ ಲ್ಯಾಬ್‌ನಲ್ಲಿ ಆರ್ಗ್‌ಸಿ, ಆರ್ಗ್‌ವಿ ನಾವೆಲ್ಲರೂ ಬಳಸಿದ್ದೇವೆ. ಅಲ್ಲಿ ಆಪ್ಷನ್ ತಪ್ಪಾದರೆ ಔಟ್‌ಪುಟ್ ತಪ್ಪು ಬರುತ್ತೆ, ಅಷ್ಟೇ. ಆದರೆ ಡಿಸ್ಕ್ ರಿಪೇರಿ ಮಾಡೋ ಪ್ರೋಗ್ರಾಮ್‌ನಲ್ಲಿ ಅದೇ ತಪ್ಪಾದರೆ ಯಾರದೋ ಪ್ರಾಜೆಕ್ಟು, ಫೋಟೋ ಎಲ್ಲಾ ಹೋಗಬಹುದು.

ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ಪರೀಕ್ಷಿಸುವ ‘ಇ2ಎಫ್‌ಎಸ್‌ಸಿಕೆ’ಯನ್ನೇ ನೋಡೋಣ. ‘-ಎನ್’ ಕೊಟ್ಟರೆ ಅದು ಡಿಸ್ಕನ್ನು ಬರೀ ಓದುತ್ತೆ, ಎಲ್ಲಾ ಪ್ರಶ್ನೆಗೂ ‘ಬೇಡ’ ಅಂತ ಉತ್ತರ. ‘-ವೈ’ ಅಂದರೆ ಎಲ್ಲದಕ್ಕೂ ‘ಹೂಂ’. ‘-ಪಿ’ ಅಂದರೆ ಅಪಾಯವಿಲ್ಲದ ತಪ್ಪುಗಳನ್ನು ಕೇಳದೇ ಸರಿಮಾಡು.

ಈ ಅಕ್ಷರಗಳನ್ನು ಓದೋದು ‘ಗೆಟ್‌ಆಪ್ಟ್’ ಫಂಕ್ಷನ್. ಯಾವ ಯಾವ ಅಕ್ಷರ ನಡೆಯುತ್ತೆ ಅಂತ ಅದಕ್ಕೊಂದು ಸ್ಟ್ರಿಂಗ್ ಕೊಡಬೇಕು. ಅಕ್ಷರದ ಮುಂದೆ ಕೋಲನ್ ಇದ್ದರೆ ಅದರ ಜೊತೆ ಒಂದು ಬೆಲೆಯೂ ಬರಬೇಕು. ಹಾಗಾದರೆ ಹೊಸ ಆಪ್ಷನ್‌ಗೆ ಸ್ಟ್ರಿಂಗ್‌ನಲ್ಲಿ ಒಂದಕ್ಷರ, ಸ್ವಿಚ್‌ನಲ್ಲಿ ಒಂದು ಕೇಸ್ ಸಾಕಾ? ಸಾಲದು. ಮೂರು ವಿಷಯ ಯೋಚಿಸಬೇಕು.

ಮೊದಲನೆಯದು, ಜಗಳ. ‘-ಎನ್’, ‘-ವೈ’ ಎರಡೂ ಕೊಟ್ಟರೆ ಯಾರ ಮಾತು ಕೇಳೋದು? ಪ್ರೋಗ್ರಾಮ್ ಊಹೆ ಮಾಡಲ್ಲ, ಒಂದನ್ನೇ ಕೊಡಿ ಅಂತ ಹೇಳಿ ನಿಂತುಬಿಡುತ್ತೆ. ಡೈರೆಕ್ಟರಿಗಳನ್ನು ತಿದ್ದಿ ಬರೆಯೋ ಕ್ಯಾಪಿಟಲ್ ‘-ಡಿ’ಯನ್ನು ‘-ಎನ್’ ಜೊತೆ ಕೊಟ್ಟರೂ ಅಷ್ಟೇ. ಹೊಸ ಆಪ್ಷನ್ ಬಂದಾಗ ಹಳೆಯ ಒಂದೊಂದರ ಜೊತೆಗೂ ಹೊಂದುತ್ತಾ ಅಂತ ನೋಡಲೇಬೇಕು.

ಎರಡನೆಯದು, ಹಳೇ ಸ್ಕ್ರಿಪ್ಟ್‌ಗಳು. ‘-ಎ’ ಮಾಡೋದು ‘-ಪಿ’ ಮಾಡೋ ಕೆಲಸವನ್ನೇ. ಹಳಬರಿಗೆ ತೊಂದರೆ ಆಗಬಾರದು ಅಂತ ಮಾತ್ರ ಅದನ್ನು ಉಳಿಸಿದ್ದಾರೆ. ಬಳಕೆಯಲ್ಲಿರೋ ಅಕ್ಷರದ ಅರ್ಥ ಬದಲಿಸಿದರೆ ಎಲ್ಲೋ ಒಂದು ಸರ್ವರ್‌ನಲ್ಲಿ ರಾತ್ರೋರಾತ್ರಿ ಬೇರೆಯದೇ ಕೆಲಸ ನಡೆದುಹೋಗುತ್ತೆ.

ಮೂರನೆಯದು, ಅಕ್ಷರಗಳ ಬರ. ಈಗಾಗಲೇ ಸ್ಮಾಲ್ ‘-ಸಿ’ ಕೆಟ್ಟ ಬ್ಲಾಕ್ ಹುಡುಕಿದರೆ ಕ್ಯಾಪಿಟಲ್ ‘-ಸಿ’ ಕೆಲಸ ಎಷ್ಟಾಯ್ತು ಅಂತ ತೋರಿಸುತ್ತೆ. ಇದಕ್ಕೆ ಉಪಾಯ ಕ್ಯಾಪಿಟಲ್ ‘-ಇ’. ಅದರ ಮುಂದೆ ‘ಡಿಸ್ಕಾರ್ಡ್’, ‘ಜರ್ನಲ್_ಓನ್ಲಿ’ ತರಹದ ಪೂರ್ತಿ ಹೆಸರುಗಳನ್ನು ಕಾಮಾ ಹಾಕಿ ಬರೆಯಬಹುದು. ಗೆಟ್‌ಆಪ್ಟ್‌ಗೆ ಇದೆಲ್ಲಾ ಒಂದೇ ಸ್ಟ್ರಿಂಗ್. ಅದನ್ನು ಕಾಮಾ ಇದ್ದಲ್ಲಿ ಒಡೆದು ಹೆಸರು ಹೋಲಿಸೋದು ಇನ್ನೊಂದು ಫಂಕ್ಷನ್. ಹೊಸ ಆಪ್ಷನ್‌ಗೆ ಅಲ್ಲಿ ಇನ್ನೊಂದು ‘ಇಫ್’ ಸೇರಿಸಿದರಾಯ್ತು. ಸ್ಪೆಲ್ಲಿಂಗ್ ತಪ್ಪಿದರೆ ಸರಿಯಾದ ಹೆಸರುಗಳ ಪಟ್ಟಿ ತೋರಿಸಿ, ಡಿಸ್ಕ್ ಮುಟ್ಟೋ ಮೊದಲೇ ನಿಲ್ಲುತ್ತೆ.

ನಮಗೆ ಇದರಿಂದ ಸಿಕ್ಕ ಪಾಠ ಇಷ್ಟೇ: ಗೊತ್ತಾಗದಿದ್ದರೆ ಊಹೆ ಮಾಡಬೇಡ, ನಿಲ್ಲು. ನೀವೂ 64 ಎಂಬಿಯ ಒಂದು ಖಾಲಿ ಫೈಲ್ ಮಾಡಿ, ಅದನ್ನೇ ಇಎಕ್ಸ್‌ಟಿ4 ಆಗಿ ಫಾರ್ಮ್ಯಾಟ್ ಮಾಡಿ ಇವನ್ನೆಲ್ಲಾ ಓಡಿಸಿ ನೋಡಿ. ನಿಮ್ಮ ಲ್ಯಾಪ್‌ಟಾಪ್ ಡಿಸ್ಕ್ ಮೇಲೆ ಮಾತ್ರ ಬೇಡ ಮಾರಾಯ್ರೇ!