ಓಡದೆ ನಿಂತ ಮಿಯೂರಾಗೂ ವಯಸ್ಸಾಗುತ್ತದೆ

ಈ ಸಂಚಿಕೆಯಲ್ಲಿ ಒಂದು ಹಳೇ ಕಾರಿನ ವಿಜ್ಞಾನ. ಕೇಳುಗರಲ್ಲಿ ಇದನ್ನು ಕೊಳ್ಳೋರು ಯಾರೂ ಇರಲಿಕ್ಕಿಲ್ಲ. ಇದ್ದರೆ ದಯವಿಟ್ಟು ನನ್ನನ್ನೂ ಒಂದು ರೌಂಡ್ ಕರ್ಕೊಂಡು ಹೋಗಿ.

2020ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ನಡೆದ ಹರಾಜಿನಲ್ಲಿ 1971ರ ಒಂದು ಲ್ಯಾಂಬೋರ್ಗಿನಿ ಮಿಯೂರಾ ಎಸ್‌ವಿ 32 ಲಕ್ಷ ಪೌಂಡ್‌ಗೂ ಹೆಚ್ಚಿನ ಬೆಲೆಗೆ ಹೋಯಿತು. ಇಂಥ ಕಾರು ಮಾರಾಟಕ್ಕೆ ಬಂದಾಗಲೆಲ್ಲ ಸಂಗ್ರಾಹಕರು ಕೇಳೋ ಮೊದಲ ಪ್ರಶ್ನೆ, ಒರಿಜಿನಲ್ಲಾ? ಅದೇ ಬಣ್ಣ, ಅದೇ ಎಂಜಿನ್, ಅದೇ ಸೀಟು ಇದ್ದಷ್ಟೂ ಬೆಲೆ ಏರುತ್ತೆ. ಕಡಿಮೆ ಓಡಿದ್ದರೆ ಇನ್ನೂ ಒಳ್ಳೇದು. ಆದರೆ ಕಾರು ಬರೀ ಉಕ್ಕು, ಬಣ್ಣ ಅಷ್ಟೇ ಅಲ್ಲ. ಅದರೊಳಗೆ ರಬ್ಬರ್ ಇದೆ, ಪೆಟ್ರೋಲ್ ಇದೆ, ಬ್ರೇಕ್ ಆಯಿಲ್ ಇದೆ. ಐವತ್ತು ವರ್ಷ ಇದ್ದ ಹಾಗೇ ಇರೋದಕ್ಕೆ ಇವು ಯಾವುವೂ ಒಪ್ಪೋದಿಲ್ಲ.

ಮೊದಲು ಕಾರಿನ ಪರಿಚಯ. ಟ್ರ್ಯಾಕ್ಟರ್ ಮಾಡಿ ದುಡ್ಡು ಮಾಡಿದ ಫೆರುಚ್ಚಿಯೋ ಲ್ಯಾಂಬೋರ್ಗಿನಿ ಅವರ ಕಂಪನಿಯಲ್ಲಿ ಜಾನ್ ಪಾವ್ಲೋ ದಲ್ಲಾರಾ, ಪಾವ್ಲೋ ಸ್ತಾಂಜಾನಿ ಅನ್ನೋ ಇಬ್ಬರು ಎಂಜಿನಿಯರುಗಳಿದ್ದರು. ಇಬ್ಬರಿಗೂ ಆಗಿನ್ನೂ ಮೂವತ್ತು ದಾಟಿರಲಿಲ್ಲ. 1965ರಲ್ಲಿ ಟ್ಯೂರಿನ್ ಪ್ರದರ್ಶನದಲ್ಲಿ ಬಾಡಿಯೇ ಇಲ್ಲದ ಬರೀ ಚಾಸಿ ಇಟ್ಟರು. ಜನ ಅದನ್ನೇ ಮುತ್ತಿಕೊಂಡು ನೋಡಿದರು. ಮರುವರ್ಷ ಜಿನೀವಾದಲ್ಲಿ, ಬರ್ಟೋನೆ ಕಂಪನಿಯ ಮಾರ್ಚೆಲ್ಲೋ ಗಂದಿನಿ ವಿನ್ಯಾಸ ಮಾಡಿದ ಬಾಡಿ ತೊಟ್ಟು ಮಿಯೂರಾ ಬಂತು. 1973ರವರೆಗೆ ತಯಾರಾದದ್ದು 750ಕ್ಕಿಂತ ಸ್ವಲ್ಪ ಹೆಚ್ಚು. ಅದರಲ್ಲಿ ಕೊನೆಯ ಮಾದರಿಯಾದ ಎಸ್‌ವಿ ಬರೀ 150.

ಇದರ ವಿಶೇಷ ಏನಪ್ಪಾ ಅಂದ್ರೆ, 3.9 ಲೀಟರಿನ 12 ಸಿಲಿಂಡರ್ ಎಂಜಿನ್ ಡ್ರೈವರ್ ಬೆನ್ನ ಹಿಂದೆಯೇ ಅಡ್ಡಡ್ಡ ಕೂತಿದೆ. ಅಷ್ಟು ಚಿಕ್ಕ ಜಾಗದಲ್ಲಿ ಹಿಡಿಸಬೇಕಲ್ಲ, ಹಾಗಾಗಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಒಂದೇ ಎರಕ, ಒಂದೇ ಆಯಿಲ್. ಬ್ರಿಟನ್ನಿನ ಪುಟ್ಟ ಮಿನಿ ಕಾರಿನಲ್ಲೂ ಹೀಗೇ ಇತ್ತು. ಅಷ್ಟೇಕೆ, ಊರಲ್ಲಿ ಮನೆಮನೆಗೂ ಇರೋ ಸ್ಪ್ಲೆಂಡರ್ ಬೈಕಿನಲ್ಲೂ ಎಂಜಿನ್ನಿಗೆ ಹಾಕಿದ ಆಯಿಲೇ ಗೇರಿಗೂ ಹೋಗುತ್ತೆ. ನೂರು ಸಿಸಿ ಬೈಕಿಗೆ ಅದು ಸಾಕು. ಮುನ್ನೂರೈವತ್ತಕ್ಕೂ ಹೆಚ್ಚು ಅಶ್ವಶಕ್ತಿ ಹೊರುವ ಗೇರುಗಳು ಸವೆದಾಗ ಉದುರೋ ಲೋಹದ ಪುಡಿ ಸೀದಾ ಎಂಜಿನ್ನಿನ ಬೇರಿಂಗುಗಳ ಕಡೆ ಹೋಗೋದು ಬೇರೆ ಮಾತು. ಕೊನೆಕೊನೆಯ ಎಸ್‌ವಿಗಳಲ್ಲಿ ಆಯಿಲ್ ಬೇರೆ ಬೇರೆ ಮಾಡಿದರು, ಅದಕ್ಕೇ ಅವಕ್ಕೆ ಬೇಡಿಕೆ ಜಾಸ್ತಿ. ಹಳೆಯ ಮಾದರಿಯಾದರೆ ಆಯಿಲ್ಲಿನ ಸ್ಯಾಂಪಲ್ ಲ್ಯಾಬಿಗೆ ಕಳಿಸಿ, ಯಾವ ಲೋಹ ಎಷ್ಟು ಬೆರೆತಿದೆ ಅಂತ ನೋಡಿಸಬಹುದು. ನಾವು ರಕ್ತಪರೀಕ್ಷೆ ಮಾಡಿಸಿದ ಹಾಗೆ. ಆದರೆ ಒಂದು ತೊಡಕು: ಕಬ್ಬಿಣದ ಅಂಶ ಜಾಸ್ತಿ ಬಂದರೆ ಅದು ಗೇರಿನದೋ ಎಂಜಿನ್ನಿನದೋ ಹೇಳೋದು ಕಷ್ಟ. ಇಬ್ಬರದೂ ರಕ್ತ ಒಂದೇ ಬಾಟಲಿಯಲ್ಲಿದೆ!

ಬಣ್ಣ ಹಳೆಯದೇ ಹೌದಾ ಅಂತ ನೋಡೋಕೆ ಕೈಯಲ್ಲಿ ಹಿಡಿಯೋ ಪುಟ್ಟ ಮೀಟರ್ ಸಿಗುತ್ತೆ. ಬಣ್ಣದ ದಪ್ಪವನ್ನು ಮೈಕ್ರಾನುಗಳಲ್ಲಿ ತೋರಿಸುತ್ತೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಅಂದುಕೊಳ್ಳಿ. ಮಿಯೂರಾದ ನಡುಭಾಗ ಉಕ್ಕು. ಮುಂದೆ, ಹಿಂದೆ ಇಡಿಯಾಗಿ ಎತ್ತುವ ಹೊದಿಕೆಗಳು ಅಲ್ಯೂಮಿನಿಯಂ. ಉಕ್ಕಿನ ಮೇಲೆ ಮೀಟರ್ ಆಯಸ್ಕಾಂತದ ಗುಣ ಬಳಸಿ ಅಳೆಯುತ್ತೆ. ಅಲ್ಯೂಮಿನಿಯಂ ಆಯಸ್ಕಾಂತಕ್ಕೆ ಅಂಟೋದಿಲ್ಲವಲ್ಲ, ಅಲ್ಲಿ ಲೋಹದೊಳಗೆ ಸುಳಿಯುವ ವಿದ್ಯುತ್ತನ್ನು ಹುಟ್ಟಿಸಿ ಅಳೆಯಬೇಕು. ಹೀಗಾಗಿ ಒಂದೇ ಕಾರಿಗೆ ಎರಡೂ ವಿಧಾನ ಬೇಕು. ಬಾಗಿಲಿನ ಒಂದು ಜಾಗದಲ್ಲಿ ಮಾತ್ರ ಸಾವಿರ ಮೈಕ್ರಾನ್ ತೋರಿಸಿದರೆ ಅಲ್ಲಿ ಪುಟ್ಟಿ ಮೆತ್ತಿದ್ದಾರೆ, ಯಾವತ್ತೋ ಪೆಟ್ಟಾಗಿದೆ ಅಂತ ಅನುಮಾನ ಪಡಬಹುದು. ಅನುಮಾನ ಅಷ್ಟೇ, ಯಾಕಂದ್ರೆ ಆ ಕಾಲದ ಬಾಡಿಗಳಲ್ಲಿ ಕೈಕೆಲಸ ಬಹಳ.

ಇಲ್ಲೀವರೆಗೂ ಹೇಳಿದ್ದು ದುಡ್ಡಿನ ಲೆಕ್ಕ. ಈಗ ಜೀವದ ಲೆಕ್ಕ.

ಮಿಯೂರಾಗಳಿಗೆ ಬೆಂಕಿಯ ಕೆಟ್ಟ ಹೆಸರಿದೆ. ಹೊತ್ತಿ ಉರಿದವು ಒಂದೆರಡಲ್ಲ. ಪೆಟ್ರೋಲ್ ಟ್ಯಾಂಕ್ ಮುಂದಿದೆ, ಎಂಜಿನ್ ಹಿಂದಿದೆ, ಅಂದ್ರೆ ಪೆಟ್ರೋಲ್ ಇಡೀ ಕಾರನ್ನು ದಾಟಿಕೊಂಡು ಹೋಗಬೇಕು. ಎಂಜಿನ್ ಮೇಲೆ ನಾಲ್ಕು ವೆಬರ್ ಕಾರ್ಬುರೇಟರುಗಳು, ಒಂದೊಂದಕ್ಕೆ ಮೂರು ಬಾಯಿ. ಟ್ರಾಫಿಕ್ಕಿನಲ್ಲಿ ನಿಂತಾಗ ಅಲ್ಲಿ ಪೆಟ್ರೋಲ್ ಉಕ್ಕಿ ನಿಂತರೆ ಒಂದು ಬ್ಯಾಕ್‌ಫೈರ್ ಸಾಕು.

ಕಾರು ಓಡದೆ ನಿಂತಿದ್ದರೆ ಈ ಅಪಾಯ ಕಡಿಮೆಯಾಗೋದಿಲ್ಲ, ಹೆಚ್ಚಾಗುತ್ತೆ. ನಿಂತ ಪೆಟ್ರೋಲಿನ ಹಗುರ ಭಾಗ ಆವಿಯಾಗಿ ಹೋಗುತ್ತೆ, ಉಳಿದದ್ದು ಆಮ್ಲಜನಕದ ಜೊತೆ ಸೇರಿ ಅಂಟಾಗುತ್ತೆ. ಕಾರ್ಬುರೇಟರಿನಲ್ಲಿ ಒಂದು ತೇಲುಬುರುಡೆ, ಒಂದು ಸೂಜಿ ಇರುತ್ತೆ. ನಮ್ಮ ಮನೆ ಮೇಲಿನ ನೀರಿನ ಟ್ಯಾಂಕಿನ ಬಾಲ್ ವಾಲ್ವ್ ಇದ್ದ ಹಾಗೆ, ತುಂಬಿದ ಕೂಡಲೇ ಮುಚ್ಚಿಕೊಳ್ಳಬೇಕು. ಸೂಜಿ ಅಂಟಿನಲ್ಲಿ ಸಿಕ್ಕಿಕೊಂಡರೆ ಮುಚ್ಚೋದಿಲ್ಲ. ಟ್ಯಾಂಕ್ ಉಕ್ಕಿದರೆ ಪಕ್ಕದ ಮನೆಯವರು ಬೈತಾರೆ. ಇಲ್ಲಿ ಉಕ್ಕೋದು ಬಿಸಿ ಎಂಜಿನ್ ಮೇಲೆ.

ಇನ್ನು ರಬ್ಬರ್ ಪೈಪುಗಳು. ಅವು ಮೆತ್ತಗಿರಲಿ ಅಂತ ಬೆರೆಸಿದ ರಾಸಾಯನಿಕಗಳನ್ನು ಪೆಟ್ರೋಲ್ ನಿಧಾನವಾಗಿ ಹೀರಿ ತೆಗೆಯುತ್ತೆ. ಒಣಗಿದಾಗ ಪೈಪು ಗಟ್ಟಿಯಾಗಿ ಬಿರಿಯುತ್ತೆ. ಹೊರಗಿನಿಂದ ನೋಡಿದರೆ ಮಾತ್ರ ಚೆನ್ನಾಗೇ ಕಾಣಿಸಬಹುದು. ಜೊತೆಗೆ ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ. ಬ್ರಿಟನ್ನಿನಲ್ಲಿ ಇರೋ ಕೇಳುಗರಿಗೆ ಗೊತ್ತು, 2021ರಿಂದ ಅಲ್ಲಿ ಸಾಮಾನ್ಯ ಪೆಟ್ರೋಲ್ ಅಂದ್ರೆ ಶೇ. 10ರವರೆಗೆ ಎಥನಾಲ್ ಇರುವ ಇ10. ಊರಲ್ಲಂತೂ ಈಗ ಇ20. ಎಥನಾಲ್ ನೀರನ್ನು ಎಳೆದುಕೊಳ್ಳುತ್ತೆ, 1960ರ ದಶಕದ ರಬ್ಬರನ್ನು ಊದಿಸುತ್ತೆ. ಆ ಪೈಪು ಮಾಡಿದವರು ಇದನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ.

ಬ್ರೇಕ್ ಆಯಿಲ್ ಕೂಡ ಗಾಳಿಯ ತೇವ ಹೀರುತ್ತೆ. ಡಾಟ್ 4 ಗುಣಮಟ್ಟದ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ಕುದಿದರೆ ಪೈಪಿನಲ್ಲಿ ಗುಳ್ಳೆ, ಪೆಡಲ್ ಒತ್ತಿದರೆ ಕಾಲು ಸೀದಾ ಕೆಳಗೆ. ಟೈರಿನದು ಇನ್ನೂ ಸ್ವಾರಸ್ಯ. ಓಝೋನಿನಿಂದ ಕಾಪಾಡೋಕೆ ರಬ್ಬರಿನಲ್ಲಿ ಒಂಥರಾ ಮೇಣ ಬೆರೆಸಿರ್ತಾರೆ. ಟೈರು ಉರುಳಿ ಬಾಗಿದಾಗ ಅದು ಮೇಲ್ಮೈಗೆ ಬರುತ್ತೆ. ನಿಂತೇ ಇದ್ದರೆ ಸರಿಯಾಗಿ ಬರೋದಿಲ್ಲ, ಪಕ್ಕದಲ್ಲಿ ಬಿರುಕು ಬೀಳುತ್ತೆ. ಹಾಗಾಗಿ 'ಟೈರು ಕೂಡ ಒರಿಜಿನಲ್' ಅನ್ನೋದನ್ನು ಓದಿದರೆ ನನಗೆ ಖುಷಿ ಆಗೋದಿಲ್ಲ, ಹೆದರಿಕೆ ಆಗುತ್ತೆ.

ಹಾಗಾದ್ರೆ ಎಲ್ಲ ಬದಲಾಯಿಸಿಬಿಡೋದಾ? ಅದೂ ಬೇಡ. ಬಣ್ಣ, ಸೀಟಿನ ಚರ್ಮ, ಚಾಸಿ ಮೇಲೆ ಒತ್ತಿದ ನಂಬರ್, ಇವು ಹೋದರೆ ಮತ್ತೆ ಬರೋದಿಲ್ಲ, ಮಾಸಿದ್ದರೂ ಹಾಗೇ ಬಿಡಬೇಕು. ಪೈಪು, ಸೀಲು, ಟೈರು, ಆಯಿಲ್ ಮೊದಲಿಂದಲೂ ಸವೆಯೋಕೆಂದೇ ಮಾಡಿದವು. ಎಥನಾಲ್ ತಡೆಯೋ ಪೈಪು ಹಾಕಿಸಿದ ರಸೀದಿಯನ್ನು ಕಾರಿನ ಫೈಲಿನಲ್ಲಿ ಕಂಡರೆ ಬೆಲೆ ಇಳಿಸೋ ಬದಲು ಎರಡು ಕಾಸು ಹೆಚ್ಚು ಕೊಡಬೇಕು ಅಂತ ನನ್ನ ಲೆಕ್ಕ.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾದ ನಿಯಮಾವಳಿ ಒಂದಿದೆ, ಟ್ಯೂರಿನ್ ಸನ್ನದು ಅಂತ. ಬರೀ ಚಾಸಿಯನ್ನು ಜನ ಮುತ್ತಿಕೊಂಡಿದ್ದರಲ್ಲ, ಅದೇ ಊರಿನ ಹೆಸರು. ಸುರಕ್ಷತೆಗಾಗಿ ಬದಲಾವಣೆ ಮಾಡಿದರೆ ಅದು ಎದ್ದು ಕಾಣಬಾರದು, ಮತ್ತೆ ಮೊದಲಿನಂತೆ ಮಾಡೋ ಹಾಗಿರಬೇಕು, ತೆಗೆದ ಮೂಲ ಭಾಗಗಳನ್ನು ಕಾರಿನ ಜೊತೆಗೇ ಇಡಬೇಕು ಅನ್ನುತ್ತೆ ಅದು. ಹಾಗಾಗಿ ಬಿರಿದ ಆ ಹಳೇ ಪೈಪನ್ನೂ ಎಸೆಯೋ ಹಾಗಿಲ್ಲ. ಡಬ್ಬದಲ್ಲಿ ಹಾಕಿ, ಚೀಟಿ ಅಂಟಿಸಿ, ಮುಂದೆ ಕೊಳ್ಳೋರಿಗೆ ಕಾರಿನ ಜೊತೆ ಕೊಡಬೇಕು.

ಇವತ್ತಿಗೆ ಇಷ್ಟು. ಮುಂದಿನ ಸಂಚಿಕೆಯಲ್ಲಿ ಸಿಗೋಣ.