ಮಗಳ ಜೊತೆ ಕಲಘಟಗಿಗೆ – ಸೈಕಲ್ ಮೇಲೆ!

ಕಲಘಟಗಿಯ ತೊಟ್ಟಿಲ ಹೆಸರು ಕೇಳದ ಹೆಣ್ಣುಮಗಳು ನಮ್ಮ ಧಾರವಾಡ ಸೀಮೆಯಲ್ಲಿ ಸಿಗಲಾರಳು. ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಸುತ್ತಲೂ ಬಾಲಕೃಷ್ಣನ ಲೀಲೆ, ರಾಮಾಯಣದ ಚಿತ್ರ... ಹೇಳುವುದೇ ಬೇಡ. ಆದರೆ ಧಾರವಾಡದಿಂದ ಬರೀ ಮೂವತ್ತು ಕಿಲೋಮೀಟರಿನಷ್ಟು ದೂರದ ಆ ಊರನ್ನು ನಾನು ಸರಿಯಾಗಿ ನೋಡಿದ್ದು ಕಳೆದ ಡಿಸೆಂಬರಿನಲ್ಲಿ, ನನ್ನ ನಲವತ್ತಾರನೆಯ ವಯಸ್ಸಿನಲ್ಲಿ. ಅದೂ ಬಸ್ಸಿನಲ್ಲಲ್ಲ, ಸೈಕಲ್ ಮೇಲೆ ಹೋಗಿ ಎಂದರೆ ನಂಬುತ್ತೀರಾ?

ನಗಬೇಡಿ. ಮೊದಲು ನಡೆದದ್ದನ್ನು ಕೇಳಿ.

ನನ್ನ ಮಗಳು ಪಿಯುಸಿ ಮೊದಲ ವರ್ಷ. ಒಂದು ದಿನ ಒಂದು ಕಾಗದ ತಂದು ನನ್ನ ಮುಂದೆ ಹಿಡಿದಳು. ರಜೆಯಲ್ಲಿ ಬೇರೆ ಊರಿನಲ್ಲಿ ಹದಿನೈದು ದಿನ ಸೈಕಲ್ ತರಬೇತಿ. ಹೋಗಬೇಕಾದರೆ ತಾಯಿ ಅಥವಾ ತಂದೆಯ ಸಹಿ ಬೇಕು. ನಾನು ಆ ಕಾಗದವನ್ನು ಕ್ಯಾಲೆಂಡರಿನ ಹಿಂದೆ ಸಿಗಿಸಿಟ್ಟೆ. ಎಂಟು ದಿನ ಅದು ಅಲ್ಲಿಯೇ ಇತ್ತು. ಒಂಬತ್ತನೆಯ ದಿನ ಅವಳು ಇನ್ನೊಂದು ಬೇಡಿಕೆ ತಂದಳು.

“ಅವ್ವಾ, ಮುಂದಿನ ತಿಂಗಳು ಗೆಳತೇರೆಲ್ಲಾ ಕಲಘಟಗಿಗೆ ಸೈಕಲ್ ಮ್ಯಾಲೆ ಹೊಂಟಾರ. ನಾನೂ ಹೋಗ್ಲೇನು?”

“ಏನೂ ಬ್ಯಾಡ. ಮೂವತ್ತು ಕಿಲೋಮೀಟರ್ ಅಂದ್ರ ಏನಂತ ತಿಳದೀ? ಏರು, ಇಳಕಲು, ಲಾರಿ...”

“ಹಂಗಾರ ನೀನೂ ಬಾ!”

ಒಲೆಯ ಮುಂದೆ ಕುಳಿತಿದ್ದ ನಮ್ಮ ಅತ್ತೆಯವರು ಬೈಯುತ್ತಾರೆಂದು ನಾನು ಕಾಯ್ದೆ. ಅವರೋ, “ನಾವು ಸಂತಿಗೆ ನಡಕೊಂತ ಹೋಗಿ ತಲಿಮ್ಯಾಲೆ ಬುಟ್ಟಿ ಹೊತ್ಕೊಂಡು ಬರ್ತಿದ್ವಿ. ಹುಡುಗಿ ಸೈಕಲ್ ಹೊಡದ್ರ ಯಾರ ಮನಿ ಮುಳಗ್ತೈತಿ? ನೀನೂ ಹೋಗು” ಎಂದುಬಿಟ್ಟರು. ನಾನು ತೆಪ್ಪಗಾದೆ.

ಸೈಕಲ್ ನಿಂತಿತು, ಓದೂ ನಿಂತಿತು

ನಾನೇಕೆ ಬೇಡ ಅಂದೆ? ರಾತ್ರಿ ಮಲಗಿದಾಗ ಯೋಚಿಸಿದೆ. ನನಗೇನು ಸೈಕಲ್ ಹೊಸದಲ್ಲ. ನನ್ನ ತವರು ಧಾರವಾಡದ ಹತ್ತಿರದ ಒಂದು ಹಳ್ಳಿ. ಅಣ್ಣನ ದೊಡ್ಡ ಸೈಕಲ್ಲಿನ ನಡುದಂಡಿಗೆಯ ಕೆಳಗೆ ಕಾಲು ತೂರಿಸಿ, ಮೊಣಕೈ ಕೆತ್ತಿಸಿಕೊಂಡು ಕಲಿತವಳು ನಾನು. ಪಕ್ಕದ ಊರಿನ ಹೈಸ್ಕೂಲಿಗೆ ಮೂರು ವರ್ಷ ಅದೇ ಸೈಕಲ್ ಮೇಲೆ ಹೋಗಿ ಬಂದೆ. 1995ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದೆ. ಕಾಲೇಜು ಧಾರವಾಡದಲ್ಲಿ. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. “ಸೈಕಲ್ ಮ್ಯಾಲೆ ಹೋಗ್ತೀನಿ” ಎಂದೆ. “ದೊಡ್ಡಾಕಿ ಆದೀ, ಇನ್ನ ಸಾಕು” ಎಂದರು ಅಪ್ಪ. ಅಲ್ಲಿಗೆ ಸೈಕಲ್ ನಿಂತಿತು, ಓದೂ ನಿಂತಿತು. ಅಪ್ಪ ಕೆಟ್ಟವರಲ್ಲ. ಊರಿನ ಮಾತಿಗೆ ಹೆದರಿದರು, ಅಷ್ಟೇ. ಈಗ ನಾನು ಅದೇ ಮಾತನ್ನು ಮಗಳಿಗೆ ಹೇಳುತ್ತಿದ್ದೆ!

2006–07ರಲ್ಲಿ ನಮ್ಮ ಸರ್ಕಾರ ಎಂಟನೆಯ ಇಯತ್ತೆಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿದ್ದು ನಿಮಗೆ ನೆನಪಿರಬೇಕು. ಸಮವಸ್ತ್ರ ಹಾಕಿಕೊಂಡ ಹುಡುಗಿಯರು ಸಾಲಾಗಿ ಸೈಕಲ್ ಮೇಲೆ ಹೋಗುವುದನ್ನು ನೋಡಿ ನನ್ನ ಕಣ್ಣು ತುಂಬಿತ್ತು. ನನ್ನ ಕಾಲಕ್ಕೆ ಅದು ಬರಲಿಲ್ಲ. ಆಮೇಲೆ ಕೊರೋನಾ ಕಾಲದಲ್ಲಿ ಆ ವಿತರಣೆಯೂ ನಿಂತಿತು.

ಮರುದಿನ ಬೆಳಿಗ್ಗೆ ಪುಣೆಯಲ್ಲಿ ನೌಕರಿಗಿರುವ ಮಗ ಬಿಟ್ಟುಹೋದ ಗೇರ್ ಸೈಕಲ್ಲಿನ ಧೂಳು ಒರೆಸಿದೆ. ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತದೆ, “ಮೊದಲ ಮೊಣಕಾಲು ನೋವು ಅಂತೀ...” ಎಂದರು. ಆದರೆ ಗಾಲಿಗೆ ಗಾಳಿ ತುಂಬಿಸಿಕೊಂಡು ಬಂದವರೂ ಅವರೇ.

ದಪ್ಪ ಗಾಲಿಯ ಈ ಸೈಕಲ್ ಎಲ್ಲಿಯದು?

ಮಗನ ಸೈಕಲ್ ‘ಮೌಂಟನ್ ಬೈಕ್’ ಜಾತಿಯದು. ದಪ್ಪ ಟೈರು, ಅದರ ಮೇಲೆ ಉಬ್ಬು ಗುಬಟು, ಮುಂದೆ ಕುಲುಕಾಟ ತಡೆಯುವ ಸ್ಪ್ರಿಂಗು. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಹುಡುಗರು ಹಳೆಯ ದಪ್ಪ ಗಾಲಿಯ ಸೈಕಲ್ಲುಗಳನ್ನು ತಾವೇ ರಿಪೇರಿ ಮಾಡಿಕೊಂಡು ಟ್ಯಾಮಲ್ಪಾಯಿಸ್ ಗುಡ್ಡದಿಂದ ಮಣ್ಣು ದಾರಿಯಲ್ಲಿ ಇಳಿಯುವ ಆಟ ಶುರು ಮಾಡಿದರಂತೆ. ಆ ಹುಡುಗಾಟವೇ ಬೆಳೆದು 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಸ್ಪರ್ಧೆಯಾಯಿತು, ಗಂಡಸರಿಗೂ ಹೆಂಗಸರಿಗೂ. ನಮ್ಮ ಮಗ್ಗುಲಿನ ಗದಗದಲ್ಲೇ 2021ರಲ್ಲಿ ಮೌಂಟನ್ ಬೈಕಿನ ರಾಷ್ಟ್ರೀಯ ಸ್ಪರ್ಧೆ ನಡೆದಿದೆ. ವಿಜಯಪುರದಲ್ಲಂತೂ ಸೈಕಲ್ ಪಟುಗಳಿಗೆಂದೇ ಕ್ರೀಡಾ ಹಾಸ್ಟೆಲ್ ಇದೆ. ಅಂದರೆ ನನ್ನ ಮಗಳು ಕೇಳಿದ್ದು ಯಾವುದೋ ಪರದೇಶದ ಹುಚ್ಚಲ್ಲ, ನಮ್ಮ ಸೀಮೆಯದೇ ಹವ್ಯಾಸ.

ಗೇರ್ ಅಂದರೆ ನನಗೆ ಭಯವಿತ್ತು. ಮಗಳು ತಿಳಿಸಿ ಹೇಳಿದಳು. ತುಂಬಿದ ಕೊಡವನ್ನು ಒಂದೇ ಸಲ ಹೊರಬಹುದು, ಇಲ್ಲವೇ ಅರ್ಧರ್ಧ ಕೊಡ ಎರಡು ಸಲ ಹೊರಬಹುದು. ನೀರು ಅಷ್ಟೇ, ಆದರೆ ಎರಡನೆಯದರಲ್ಲಿ ಸೊಂಟಕ್ಕೆ ಸುಖ. ಗೇರೂ ಹಾಗೆಯೇ. ಪೆಡಲ್ ಹತ್ತಿರದ ಚಕ್ರಕ್ಕೆ 42 ಹಲ್ಲು, ಹಿಂದಿನದಕ್ಕೆ 14 ಹಲ್ಲು ಇದ್ದರೆ ಒಮ್ಮೆ ತುಳಿದಾಗ ಹಿಂದಿನ ಗಾಲಿ ಮೂರು ಸುತ್ತು ತಿರುಗುತ್ತದೆ. 26 ಇಂಚಿನ ಗಾಲಿಯಾದರೆ ಆರು ಮೀಟರಿಗೂ ಹೆಚ್ಚು ಮುಂದೆ ಹೋಗುತ್ತೇವೆ. ಸಪಾಟು ರಸ್ತೆಗೆ ಇದು ಸರಿ. ಏರಿನಲ್ಲಿ ಮುಂದೆ 24, ಹಿಂದೆ 28 ಹಲ್ಲಿಗೆ ಬದಲಿಸಿದರೆ ಒಂದು ತುಳಿತಕ್ಕೆ ಎರಡು ಮೀಟರೂ ಆಗುವುದಿಲ್ಲ. ಕಾಲು ಹೆಚ್ಚು ಸಲ ತಿರುಗಬೇಕು, ಆದರೆ ಮೊಣಕಾಲಿಗೆ ಭಾರ ಬೀಳುವುದಿಲ್ಲ.

ತಿಂಗಳೊಪ್ಪತ್ತು ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಿ, ರಂಗೋಲಿ ಎಳೆದು, ಕೆಲಗೇರಿ ಕೆರೆಯ ತನಕ ಹೋಗಿ ಬಂದೆ. ಓಣಿಯಲ್ಲಿ ಮೊದಲ ವಾರ ನಕ್ಕರು. ಎರಡನೆಯ ವಾರ ಸುಮ್ಮನಾದರು. ಮೂರನೆಯ ವಾರ ಇಬ್ಬರು, “ಎಷ್ಟು ಬೀಳ್ತೈತ್ರಿ ಈ ಸೈಕಲ್ಲಿಗೆ?” ಎಂದು ಕೇಳಿದರು!

ಎರಿಯಿಂದ ಕೆಂಪು ಮಣ್ಣಿಗೆ

ಒಂದು ಐತವಾರ ಬೆಳಿಗ್ಗೆ ಆರು ಗಂಟೆಗೆ ಮಗಳು, ಅವಳ ಮೂವರು ಗೆಳತಿಯರು, ನಾನು ಹೊರಟೆವು. ಧಾರವಾಡ ಎಂಥ ಜಾಗದಲ್ಲಿ ಕುಳಿತಿದೆ ಎಂಬುದು ಬಸ್ಸಿನಲ್ಲಿ ತಿಳಿಯುವುದಿಲ್ಲ, ಸೈಕಲ್ ಮೇಲೆ ತೊಡೆಗೆ ತಿಳಿಯುತ್ತದೆ. ಮೂಡಲಕ್ಕೆ ನವಲಗುಂದದ ಕಡೆ ಎರಿ ಭೂಮಿ, ಕಣ್ಣು ಹಾಯುವ ತನಕ ಬಟಾಬಯಲು. ಪಡುವಲಕ್ಕೂ ತೆಂಕಲಕ್ಕೂ ಮಲೆನಾಡಿನ ಸೆರಗು. ನೆಲ ಅಲೆ ಅಲೆಯಾಗಿ ಏಳುತ್ತದೆ, ಇಳಿಯುತ್ತದೆ. ಕಲಘಟಗಿಯ ಹಾದಿಯಲ್ಲಿ ಮಣ್ಣು ಕೆಂಪಾಗುತ್ತ ಹೋಯಿತು. ಗಿಡಮರ ದಟ್ಟವಾದವು. ಭತ್ತ ಕೊಯ್ದು ಬಣವಿ ಒಟ್ಟಿದ್ದರು. ಮಂಜಿನಲ್ಲಿ ಹುಲ್ಲಿನ ವಾಸನೆ ಮೂಗಿಗೆ ತುಂಬಿಕೊಂಡಿತ್ತು.

ಎಲ್ಲ ಏರುಗಳನ್ನೂ ಹತ್ತಿದೆ ಎಂದು ಸುಳ್ಳು ಹೇಳಲಾರೆ. ಎರಡು ಕಡೆ ಇಳಿದು ತಳ್ಳಿಕೊಂಡು ಹೋದೆ. ಅಂಥ ಒಂದು ಏರಿನಲ್ಲಿ ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದ ಅಜ್ಜಿಯೊಬ್ಬಳು ಜೊತೆಯಾದಳು.

“ಯಾಕ್ರಿ ಅಕ್ಕಾರ, ಬಸ್ ತಪ್ಪಿತೇನ್ರಿ?”

“ಇಲ್ಲಬೇ, ಸುಮ್ಮನ ಊರು ನೋಡಾಕ ಹೊಂಟೇವಿ.”

ಅಜ್ಜಿ ಮುಂದೆ ಹೋಗುತ್ತಿದ್ದ ಹುಡುಗಿಯರನ್ನು ಬಹಳ ಹೊತ್ತು ನೋಡಿದಳು. ಆಮೇಲೆ, “ನಮ್ಮ ಮೊಮ್ಮಗಳು ಎಂಟನೇತ್ತಕ ಸಾಲಿ ಬಿಟ್ಲರಿ. ಸಾಲಿ ದೂರ ಆತು” ಎಂದಳು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಮೂವತ್ತು ವರ್ಷಗಳ ಹಿಂದಿನ ನನ್ನ ಕತೆಯನ್ನೇ ಬೇರೊಬ್ಬಳ ಬಾಯಿಂದ ಕೇಳಿದಂತಾಯಿತು. ಬುದ್ಧಿ ಸಾಲದೆ ಅಲ್ಲ, ದುಡ್ಡು ಸಾಲದೆಯೂ ಅಲ್ಲ, ನಾಲ್ಕು ಮೈಲಿ ದಾರಿ ಸಾಗದೆ ಎಷ್ಟು ಹುಡುಗಿಯರು ಒಲೆಯ ಮುಂದೆ ಕುಳಿತರೋ!

ಒಂಬತ್ತೂವರೆಗೆ ಕಲಘಟಗಿ ಮುಟ್ಟಿದೆವು. ಕಟ್ಟಿಯ ಮೇಲೆ ಕುಳಿತು ಕಟಿರೊಟ್ಟಿ, ಶೇಂಗಾ ಚಟ್ನಿ, ಮೊಸರು ತಿಂದೆವು. ತೊಟ್ಟಿಲು ನೋಡಿದೆವು. ಹತ್ತಿರದಿಂದ ನೋಡಿದರೆ ಬಣ್ಣದ ಹೊಳಪು ಕನ್ನಡಿಯಂತೆ, ಮುಖ ಕಾಣುತ್ತದೆ. ಮಗಳು ತೊಟ್ಟಿಲ ಅಂಚು ಸವರಿ, “ಅವ್ವಾ, ನನ್ನ ಇದರಾಗ ತೂಗಿದ್ದೇನು?” ಎಂದಳು. “ಇಲ್ಲ, ನಿನಗ ಸೀರೀ ಜೋಳಿಗೀನ ಗತಿ” ಎಂದು ನಕ್ಕೆ.

ನಮ್ಮ ಸುತ್ತಲಿನ ಒಂದೊಂದು ಊರಿಗೂ ಒಂದೊಂದು ಕಸುಬು. ಗರಗದಲ್ಲಿ ರಾಷ್ಟ್ರಧ್ವಜದ ಖಾದಿ ನೇಯುತ್ತಾರೆ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೆಣ್ಣುಮಕ್ಕಳು ಧ್ವಜ ಹೊಲಿಯುತ್ತಾರೆ, ನವಲಗುಂದದಲ್ಲಿ ಜಮಖಾನೆ ನೇಯುವವರೂ ಹೆಣ್ಣುಮಕ್ಕಳೇ. 1824ರಲ್ಲಿ ರಾಣಿ ಚೆನ್ನಮ್ಮ ಕಂಪನಿ ಸರ್ಕಾರವನ್ನು ಎದುರಿಸಿದ ಕಿತ್ತೂರು ಕೋಟೆಯೂ ಧಾರವಾಡದಿಂದ ಹೆಚ್ಚು ದೂರವಿಲ್ಲ. ಇವೆಲ್ಲ ಸೈಕಲ್ಲಿಗೆ ಎಟಕುವ ಊರುಗಳು. ನಾವು ಮಾತ್ರ ದೂರ ಅಂದುಕೊಂಡು ಕುಳಿತಿದ್ದೇವೆ.

ಹಿಂದಿರುಗುವಾಗ ನನ್ನ ಸೈಕಲ್ಲಿನ ಚೈನು ಕಳಚಿತು. ಮಗಳು ನಿಮಿಷದಲ್ಲಿ ಕೂಡಿಸಿ, ಎಣ್ಣೆಗೈಯನ್ನು ಹುಲ್ಲಿಗೆ ಒರೆಸಿಕೊಂಡು, “ನಡಿ” ಎಂದಳು. ಲಾರಿ ಬಂದಾಗ ತಾನು ಹಿಂದೆ ನಿಂತು ನನ್ನನ್ನು ಬದಿಗೆ ಸರಿಸಿದಳು. ಇವಳಿಗೆ ನಾನು ಕಾವಲೋ, ನನಗೆ ಇವಳು ಕಾವಲೋ?

ಶುರು ಮಾಡುವ ಸೋದರಿಯರಿಗೆ

ಸೀಟಿನ ಎತ್ತರ ಮೊದಲು ಸರಿ ಮಾಡಿಕೊಳ್ಳಿ. ಸೀಟಿನ ಮೇಲೆ ಕುಳಿತು, ಕೆಳಗಿನ ಪೆಡಲ್ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೆಟ್ಟಗಾಗಬೇಕು. ತುಳಿಯುವಾಗ ಪಾದದ ಮುಂಭಾಗ ಬಳಸಿ, ಆಗ ಮೊಣಕಾಲು ತುಸು ಮಡಚಿರುತ್ತದೆ. ಸೀಟು ಬಹಳ ತಗ್ಗಾದರೆ ಮೊಣಕಾಲು ನೋವು ತಪ್ಪಿದ್ದಲ್ಲ.

ಏರು ಕಾಣುತ್ತಲೇ ಗೇರ್ ಬದಲಿಸಿ, ನಡುಏರಿನಲ್ಲಿ ಜೋರಾಗಿ ತುಳಿಯುತ್ತ ಬದಲಿಸಬೇಡಿ, ಚೈನು ಕಳಚುತ್ತದೆ. (ನನ್ನದು ಕಳಚಿದ್ದೇ ಹಾಗೆ!) ಇಳುಕಲಿನಲ್ಲಿ ಮುಂದಿನ ಬ್ರೇಕ್ ಒಂದನ್ನೇ ಗಟ್ಟಿಯಾಗಿ ಹಿಡಿಯದೆ ಎರಡನ್ನೂ ಮೆಲ್ಲಗೆ ಒತ್ತಿ. ಉಡುಪು ಚೂಡಿದಾರವಾದರೆ ಒಳ್ಳೆಯದು. ಓಢಣಿ ಬಿಗಿದು ಕಟ್ಟಿ ಅಥವಾ ಮನೆಯಲ್ಲೇ ಬಿಡಿ. ತಲೆಗೆ ಹೆಲ್ಮೆಟ್ ಮರೆಯಬೇಡಿ. ಲಿಂಬೆಹಣ್ಣು, ಉಪ್ಪು, ಸಕ್ಕರೆ ಹಾಕಿದ ನೀರು ಜೊತೆಗಿರಲಿ. ಬಿ.ಪಿ., ಸಕ್ಕರೆ, ಎದೆನೋವು ಇದ್ದವರು ಡಾಕ್ಟರರನ್ನು ಕೇಳಿಯೇ ಹೊರಡಿ. ಮೊದಲ ವಾರ ಎರಡು ಕಿಲೋಮೀಟರ್ ಸಾಕು.

ಚೀಲದಲ್ಲಿ ಶೇಂಗಾದ ಉಂಡಿ ಇರಲಿ. ಎರಡು ಬಟ್ಟಲು ಶೇಂಗಾ ಹುರಿದು ಸಿಪ್ಪೆ ತೆಗೆದು ತರಿತರಿಯಾಗಿ ಕುಟ್ಟಿ. ಒಂದು ಬಟ್ಟಲು ಪುಡಿ ಬೆಲ್ಲ, ಎರಡು ಚಮಚ ಹುರಿದ ಎಳ್ಳು, ಚಿಟಿಕೆ ಏಲಕ್ಕಿ ಪುಡಿ ಸೇರಿಸಿ ಮತ್ತೊಮ್ಮೆ ಕುಟ್ಟಿ. ಶೇಂಗಾದ ಎಣ್ಣೆ ಬಿಟ್ಟುಕೊಂಡಾಗ ಬಿಗಿಯಾಗಿ ಉಂಡಿ ಕಟ್ಟಿ. ತುಪ್ಪವೂ ಬೇಡ, ಪಾಕವೂ ಬೇಡ. ಏರು ಹತ್ತುವ ಮುಂಚೆ ಒಂದು ಉಂಡಿ ಬಾಯಿಗೆ ಹಾಕಿಕೊಂಡು ನೋಡಿ!

ಆ ಸಂಜೆ ಮನೆ ಮುಟ್ಟಿದಾಗ ನನ್ನ ಕಾಲು ಕಟ್ಟಿಗೆಯಾಗಿದ್ದವು. ಅತ್ತೆಯವರು ಬಿಸಿನೀರು ಕಾಸಿ ಇಟ್ಟಿದ್ದರು. ಜಳಕ ಮಾಡಿ ಬಂದು ಕ್ಯಾಲೆಂಡರಿನ ಹಿಂದಿನ ಕಾಗದ ತೆಗೆದು ಸಹಿ ಹಾಕಿದೆ. ಮಗಳು ಏನೂ ಮಾತಾಡಲಿಲ್ಲ. ಕಾಗದವನ್ನು ಎರಡು ಸಲ ಓದಿ, ಮಡಚಿ ಪುಸ್ತಕದಲ್ಲಿಟ್ಟಳು.

ನಿಮ್ಮ ಹಿತ್ತಲಿನಲ್ಲೂ ಮಕ್ಕಳು ಬಿಟ್ಟುಹೋದ ಸೈಕಲ್ ಒಂದು ತುಕ್ಕು ಹಿಡಿಯುತ್ತಿರಬಹುದು. ಒಮ್ಮೆ ಹೊರಗೆ ತೆಗೆಯಿರಿ. ನೀವು ಹತ್ತಿದರೆ ಸಂತೋಷ. ಹತ್ತಲಾಗದಿದ್ದರೆ ಓಣಿಯಲ್ಲಿ ಸಾಲಿ ದೂರವಾದ ಹುಡುಗಿಯೊಬ್ಬಳು ಇದ್ದೇ ಇರುತ್ತಾಳೆ, ಅವಳಿಗೆ ಕೊಡಿ.